ನಂದು, ನನಗ, ನನ್ನ ಕಡೆ

ಟೋಲ್ಕಿನ್ ತಾವೇ ಕಟ್ಟಿದ ಕ್ವೆನ್ಯ ಭಾಷೆಯಲ್ಲಿ ಒಡೆತನಕ್ಕೆ ಎರಡು ಪ್ರತ್ಯಯ ಇಟ್ಟರು. ಓರೋಮೆ ಎಂಬ ದೇವರ ಕೊಂಬು ಅವನ ಸ್ವಂತದ್ದಾಗಿದ್ದರೆ ಹೆಸರಿಗೆ ‘ವಾ’ ಹತ್ತುತ್ತದೆ. ಅವನಿಂದ ಬಂದು ಬೇರೆಯವರ ಕೈ ಸೇರಿದ್ದರೆ ‘ಓ’. 1985ರಲ್ಲಿ ಕ್ಲಿಂಗನ್ ನಿಘಂಟು ತಂದ ಮಾರ್ಕ್ ಒಕ್ರಾಂಡ್, ಮಾತು ಬಲ್ಲವರಿಗೊಂದು, ಮಾತು ಬಾರದ್ದಕ್ಕೊಂದು ‘ನನ್ನ’ ಮಾಡಿದರು. 1887ರ ಎಸ್ಪೆರಾಂಟೊದಲ್ಲಿ ಜಾಮೆನ್ಹಾಫ್ ನಾಮಪದಕ್ಕೆ ಷಷ್ಠಿಯನ್ನೇ ಕೊಡದೆ ‘ದೆ’ ಎಂಬ ಪುಟ್ಟ ಪದಕ್ಕೆ ಆ ಕೆಲಸ ವಹಿಸಿದರು. ಕಟ್ಟಿದ ಭಾಷೆಗಳ ಅಭಿಮಾನಿಗಳು ಇಂಥವನ್ನು ಮೆಚ್ಚಿ ಹೇಳುತ್ತಾರೆ. ಮೆಚ್ಚಬೇಕಾದ್ದೇ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂತೆಯಲ್ಲಿ ತಾಸೊತ್ತು ನಿಂತವರಿಗೆ ಇದಕ್ಕಿಂತ ಸೂಕ್ಷ್ಮವಾದ ಲೆಕ್ಕ ಕಿವಿಗೆ ಬೀಳುತ್ತದೆ.

‘ನನಗ ಇಬ್ಬರು ಮಕ್ಕಳು.’ ‘ನನ್ನ ಕಡೆ ರೊಕ್ಕ ಇಲ್ಲ.’ ‘ನಂದು ನಾಕೆಕರೆ ಹೊಲ ಐತಿ.’ ಮಕ್ಕಳಿಗೆ ಚತುರ್ಥಿ, ರೊಕ್ಕಕ್ಕೆ ‘ಕಡೆ’, ಹೊಲಕ್ಕೆ ಷಷ್ಠಿ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ‘ನನ್ನ ಕಡೆ ಇಬ್ಬರು ಮಕ್ಕಳದಾರ’ ಎಂದರೆ ಯಾರೋ ಬಿಟ್ಟುಹೋದ ಕೂಸುಗಳು, ಬಹುಶಃ ಮಗಳ ಮಕ್ಕಳು. ‘ನನ್ನ ಕಡೆ ನಾಕೆಕರೆ ಐತಿ’ ಎಂದರೆ ಪಾಲಿಗೆ ಮಾಡಿದ ಹೊಲ ಎಂದು ಎದುರಿನವ ತಿಳಿಯುತ್ತಾನೆ. ಟೋಲ್ಕಿನ್ ಎರಡು ಪ್ರತ್ಯಯಗಳಲ್ಲಿ ಬೇರ್ಪಡಿಸಿದಂಥ ಅಂತರವನ್ನೇ ಇಲ್ಲಿ ಅಕ್ಷರ ಬಾರದ ಒಕ್ಕಲಿಗನೂ ತಪ್ಪಿಲ್ಲದೆ ಹಿಡಿಯುತ್ತಾನೆ. ತಾಯಿ ವಿಷಯದಲ್ಲಂತೂ ಏಕವಚನ ಸುಳಿಯುವುದೇ ಅಪರೂಪ: ಒಬ್ಬನೇ ಮಗನಾದರೂ ‘ನಮ್ಮವ್ವ’ ಅನ್ನುತ್ತಾನೆ.

ಇನ್ನೊಂದು ರೂಪ ಶಾಲೆಯ ವ್ಯಾಕರಣದಲ್ಲಿ ಸಿಗುವುದಿಲ್ಲ. ‘ಹೊಲದ ಬದು’ ಹೊಲಕ್ಕೆ ಸೇರಿದ್ದು. ‘ಹೊಲದಾನ ಜ್ವಾಳ’ ಹೊಲದೊಳಗೆ ಇರುವುದು. ‘ಬಾವ್ಯಾನ ನೀರು’, ‘ಊರಾನ ಮಂದಿ’ ಹೀಗೇ. ಸಪ್ತಮಿಯೂ ಷಷ್ಠಿಯೂ ಕರಗಿ ಒಂದಾದ ಈ ‘ಆನ’ಕ್ಕೆ ಪಠ್ಯದಲ್ಲಿ ಒಂದು ಸಾಲಿನ ಜಾಗವೂ ಇಲ್ಲದಿರುವುದು ನನಗೆ ಸಂಕಟದ ಸಂಗತಿ. ಹದಿಮೂರನೆಯ ಶತಮಾನದ ಕೇಶಿರಾಜ ಷಷ್ಠಿಗೆ ‘ಅ’ ಎಂದ. ಅದನ್ನೇ ಇಂದಿಗೂ ಬಾಯಿಪಾಠ ಮಾಡಿಸುತ್ತೇವೆ. ಸಂಸ್ಕೃತದಲ್ಲೂ ಷಷ್ಠಿ ಕಾರಕಗಳ ಸಾಲಿಗೆ ಸೇರದು. ಕ್ರಿಯಾಪದದ ಜೊತೆ ಅದಕ್ಕೆ ನೇರ ನಂಟಿಲ್ಲವಾದ್ದರಿಂದ, ಉಳಿದೆಲ್ಲ ಸಂಬಂಧಗಳನ್ನು ಪಾಣಿನಿ ಅದರ ಪಾಲಿಗೆ ಬಿಟ್ಟ. ಆ ‘ಉಳಿದದ್ದು’ ಇಲ್ಲಿ ಎಷ್ಟು ದೊಡ್ಡದು!

ಊರ ಹೆಸರುಗಳಲ್ಲೂ ಷಷ್ಠಿ ನಿಂತಿದೆ. ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಯಿಂದ ಈ ಬಾಗೇವಾಡಿಯನ್ನು ಬೇರೆ ಮಾಡುವುದು ‘ಬಸವನ’ ಎಂಬ ಷಷ್ಠಿ. ದೇವರ ಹಿಪ್ಪರಗಿ ಒಂದು, ಹೂವಿನ ಹಿಪ್ಪರಗಿ ಇನ್ನೊಂದು. ಮನೆತನದ ಹೆಸರಿಗೆ ಮಾತ್ರ ಪೆಟ್ಟು ಬಿದ್ದಿದೆ. ಊರಲ್ಲಿ ‘ಗೌಡರ ಬಸಪ್ಪ’ ಎಂದರೆ ಗೌಡರ ಮನೆಯ ಬಸಪ್ಪ. ಹಾಜರಿ ಪುಸ್ತಕದಲ್ಲಿ ಅದು ‘ಬಸಪ್ಪ ಗೌಡರ’ ಆಯಿತು. ಷಷ್ಠಿಯ ಮುಂದೆ ನಾಮಪದವೇ ಉಳಿಯಲಿಲ್ಲ. ‘ಬಡಿಗೇರ’ನ ಗತಿಯೂ ಅಷ್ಟೆ.

ಇಂಡಿ ಸೀಮೆಯ ಹಲಸಂಗಿ ಗೆಳೆಯರು ಈ ನುಡಿಗೆ ಕಿವಿಗೊಟ್ಟವರು. 1931ರ ‘ಗರತಿಯ ಹಾಡು’ ಸಂಕಲನದಲ್ಲಿ ಗರತಿಗೆ ಷಷ್ಠಿ ಬಂತು, ಹಾಡು ಅವಳದು. 1935ರ ‘ಮಲ್ಲಿಗೆ ದಂಡೆ’ಯಲ್ಲಿ ಮಲ್ಲಿಗೆಗೆ ಅದು ಬೇಕಾಗಲಿಲ್ಲ, ದಂಡೆ ಮಲ್ಲಿಗೆಯಿಂದಲೇ ಆದದ್ದು. ಅವರು ಹಾಡು ಕೂಡಿಸಿದರು. ಮನೆಮಾತಿನ ವಾಕ್ಯಗಳನ್ನು ಹಾಗೆ ಕೂಡಿಸುವ ಕೆಲಸ ಬಾಕಿ ಇದೆ. ಆಡುಕುರಿ, ಸಾಲ, ಬ್ಯಾನಿ, ಪಾಳಿಯ ನೀರು, ತವರುಮನೆ ಇವನ್ನೆಲ್ಲ ‘ನನ್ನದು’ ಎನ್ನಲು ನಿಮ್ಮ ಹಳ್ಳಿಯಲ್ಲಿ ಯಾವ ರೂಪ ಬಳಸುತ್ತಾರೆ? ಪೂರ್ತಿ ವಾಕ್ಯವನ್ನು, ಆಡಿದ ಹಾಗೇ, ಹಳ್ಳಿಯ ಹೆಸರು ಕಾಣಿಸಿ ಬರೆದು ಕಳಿಸಿ. ತಿದ್ದದೆ ಅಚ್ಚು ಹಾಕುತ್ತೇವೆ.