ಬಾಡದ ಹೂವಿನ ಗಿಡ



ಗಿಡ ಬಾಡಿದ್ದನ್ನು ಕಂಡೊಡನೆ ನೀರೆರೆಯುವುದು ನಮ್ಮೆಲ್ಲರ ಸ್ವಭಾವ. ನಮ್ಮ ಅಂಗಳದ ಹೆಲಿಕ್ರೈಸಮ್ ಗಿಡಕ್ಕೂ ಹಾಗೆಯೇ ದಿನಕ್ಕೆರಡು ಬಾರಿ ನೀರೆರೆದೆವು. ಬೇರು ಕೊಳೆತು ಅದು ಸತ್ತುಹೋಯಿತು. ಆ ತಪ್ಪಿನಿಂದ ಕಲಿತುದನ್ನು ಇಲ್ಲಿ ಹೇಳುತ್ತಿದ್ದೇವೆ.

ಇಂದು ಜೆರೋಕ್ರೈಸಮ್ ಎಂದು ಕರೆಯಲ್ಪಡುವ ಈ ಗಿಡದ ತವರು ಆಸ್ಟ್ರೇಲಿಯಾ. ಅಲ್ಲಿನ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1961ರಲ್ಲಿ ದೊರೆತ ‘ಡಾರ್ಗನ್ ಹಿಲ್ ಮೊನಾರ್ಕ್’ ತಳಿಯು ಹಲವು ವರ್ಷ ಬಾಳುವ, ಹೊನ್ನಿನ ಬಣ್ಣದ ಹೂ ಬಿಡುವ ಪೊದೆ. ಇದರಲ್ಲಿ ದಳಗಳಂತೆ ತೋರುವವು ನಿಜವಾಗಿ ಹೂವನ್ನು ಸುತ್ತುವರಿದ, ಕಾಗದದಂತಹ ಒಣ ಎಲೆಗಳು. ಅವು ತೇವದಲ್ಲಿ ಮುಚ್ಚಿಕೊಂಡು ಒಣಹವೆಯಲ್ಲಿ ಅರಳುತ್ತವೆ. ಕೊಯ್ದು ಒಣಗಿಸಿದ ಹೂವಿನಲ್ಲಿಯೂ ಈ ಚಲನೆಯನ್ನು ಕಾಣಬಹುದು.

ಇದಕ್ಕೆ ಬಿಸಿಲು ಬೀಳುವ ಜಾಗ, ನೀರು ಬಸಿದುಹೋಗುವ ಮರಳು ಬೆರೆತ ಮಣ್ಣು ಬೇಕು. ನಮ್ಮ ನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಬೀಜ ಬಿತ್ತುವುದು ಒಳಿತು. ಬೀಜ ಮೊಳೆಯಲು ಬೆಳಕು ಬೇಕಾದುದರಿಂದ ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿ, ಮೆಲ್ಲಗೆ ಅದುಮಿರಿ. ಎಳೆಯ ಸಸಿಗೆ ಮಾತ್ರ ತಪ್ಪದೆ ನೀರುಣಿಸಬೇಕು. ಬೇರೂರಿದ ಮೇಲೆ, ಬೆರಳಿಟ್ಟು ನೋಡಿದಾಗ ಮೇಲ್ಮಣ್ಣು ಒಣಗಿದ್ದರಷ್ಟೇ ನೀರು ಕೊಡಿರಿ. ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದರೆ ಅದು ಬೇರು ಕೊಳೆಯುತ್ತಿರುವ ಸೂಚನೆ. ಕೂಡಲೇ ನೀರು ನಿಲ್ಲಿಸಿರಿ.

ಒಣಗಿಸಲು ಬಯಸುವವರು ಹೂವನ್ನು ಪೂರ್ತಿ ಅರಳುವ ಮೊದಲೇ ಕೊಯ್ದು, ಗೊಂಚಲು ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಬಣ್ಣ ಬಹುಕಾಲ ಉಳಿಯುವುದು.

ಆರೈಕೆಯೆಂದರೆ ಸದಾ ಕೊಡುತ್ತಲೇ ಇರುವುದಲ್ಲ, ಬೇಕಾದುದನ್ನು ಅರಿತು ಕೊಡುವುದು ಎಂಬುದನ್ನು ನಾವು ಒಂದು ಗಿಡವನ್ನು ಕಳೆದುಕೊಂಡು ಕಲಿತೆವು. ತಾವು ಕಳೆದುಕೊಳ್ಳದೆಯೇ ಕಲಿಯಿರಿ.