ಪಟ್ಟಿಯಲ್ಲಿ ಕನ್ನಡ ಇತ್ತು, ತೆಗೆದವರು ನಾವೇ

ಕೊಯಮತ್ತೂರಿನ ಸರವಣಂಪಟ್ಟಿಯಲ್ಲೋ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲೋ ಕೂತು ಕೋಡ್ ಬರೆಯೋ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು.

ಜಾಂಗೊ ಗೊತ್ತಲ್ಲ? ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್. ಅದರೊಳಗೆ ‘ಗ್ಲೋಬಲ್ ಸೆಟ್ಟಿಂಗ್ಸ್’ ಅಂತ ಒಂದು ಫೈಲ್ ಇದೆ. ನಾವು ಏನೂ ಹೇಳದಿದ್ರೆ ಸೈಟ್ ಹೇಗೆ ನಡೀಬೇಕು ಅನ್ನೋದು ಅಲ್ಲೇ ಬರೆದಿರುತ್ತೆ. ತೆರೆದು ನೋಡಿ. ಗಡಿಯಾರ ಚಿಕಾಗೊದ್ದು, ಭಾಷೆ ಅಮೆರಿಕದ ಇಂಗ್ಲಿಷ್. ಯಾಕೆ? ಜಾಂಗೊ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನ ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಅದನ್ನ ಎಲ್ಲರಿಗೂ ಬಿಟ್ಟುಕೊಟ್ಟರು. ಕಟ್ಟಿದವರು ತಮ್ಮೂರಿನ ಗಡಿಯಾರ, ತಮ್ಮ ಮಾತು ಇಟ್ಟುಕೊಂಡರು. ಡೀಫಾಲ್ಟ್ ಅಂದ್ರೆ ಇಷ್ಟೇ.

ಆದ್ರೆ ಅದೇ ಫೈಲಿನಲ್ಲಿ ‘ಲ್ಯಾಂಗ್ವೇಜಸ್’ ಅನ್ನೋ ಪಟ್ಟಿಯೂ ಇದೆ. ಅದರಲ್ಲಿ ತಮಿಳೂ ಇದೆ, ಕನ್ನಡವೂ ಇದೆ. ದೂರದವರು ಕಟ್ಟಿದ ಮನೆಯಲ್ಲಿ ನಮಗೂ ಒಂದು ಜಾಗ ಇಟ್ಟಿದ್ದಾರೆ.

ಹಾಗಾದ್ರೆ ಕನ್ನಡ ಹೋಗೋದು ಎಲ್ಲಿ? ನಮ್ಮ ಕೈಯಲ್ಲೇ. ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲಿನಲ್ಲಿ ನಾವು ಬರೆದದ್ದು ಗ್ಲೋಬಲ್ ಸೆಟ್ಟಿಂಗ್ಸ್‌ಗಿಂತ ಮೇಲು. ಅಲ್ಲಿ ‘ತಮಿಳು, ಇಂಗ್ಲಿಷ್’ ಅಂತ ಎರಡೇ ಸಾಲು ಹಾಕಿದ ಕೂಡ್ಲೇ ಉಳಿದ ಭಾಷೆಗಳೆಲ್ಲ ಹೊರಗೆ. ಆಮೇಲೆ ಫೋನನ್ನ ಕನ್ನಡದಲ್ಲಿ ಇಟ್ಟುಕೊಂಡ ತಾಳವಾಡಿಯ ಒಬ್ಬ ಹುಡುಗಿ ಆ ಸೈಟ್ ತೆರೀತಾಳೆ ಅಂತಿಟ್ಟುಕೊಳ್ಳಿ. ‘ಇವರಿಗೆ ಕನ್ನಡ ಬೇಕು’ ಅಂತ ಬ್ರೌಸರ್ ಹೇಳಿಯೇ ಹೇಳುತ್ತೆ. ಸೈಟ್ ಪಟ್ಟಿ ನೋಡುತ್ತೆ, ಕನ್ನಡ ಕಾಣೋಲ್ಲ, ಡೀಫಾಲ್ಟ್ ಭಾಷೆ ತೋರಿಸುತ್ತೆ. ಎರರ್ ಬರೋದಿಲ್ಲ. ಅವಳು ಕೇಳಿದ್ದೂ ನಾವು ಇಲ್ಲ ಅಂದಿದ್ದೂ ಯಾರಿಗೂ ಗೊತ್ತಾಗೋದಿಲ್ಲ.

‘ಇಲ್ಲಿ ಕನ್ನಡ ಓದೋರು ಎಷ್ಟು ಜನ?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸಿರುಮುಗೈಯ ನೇಕಾರರ ಮನೆಗಳಲ್ಲಿ ಮಾತು ಕನ್ನಡ, ಆದ್ರೆ ಓದೋದು ತಮಿಳು ಅನ್ನೋರು ಬೇಕಾದಷ್ಟಿದ್ದಾರೆ. ನಿಜ. ಆದ್ರೆ ಎಲ್ಲೂ ಕಣ್ಣಿಗೆ ಬೀಳದ ಅಕ್ಷರವನ್ನ ಯಾರಾದ್ರೂ ಯಾಕೆ ಕಲೀತಾರೆ? ಇದು ತಮಿಳಿನ ಮೇಲಿನ ಸಿಟ್ಟೂ ಅಲ್ಲ. ತಮಿಳು ಮೊದಲ ಸಾಲಿನಲ್ಲೇ ಇರಲಿ, ಅದರ ಕೆಳಗೆ ಇನ್ನೊಂದು ಸಾಲು ಸೇರಲಿ.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ನಮ್ಮ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಅದು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಇಲ್ಲೇ ಉಳಿದೆವು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯೋ ಸೌಲಭ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಆ ಶಾಲೆಗೆ, ಆ ಟೀಚರಿಗೆ ಅರ್ಜಿ ಹಾಕಬೇಕು, ಅಲೆಯಬೇಕು, ಕಾಯಬೇಕು. ಸೆಟ್ಟಿಂಗ್ಸ್ ಫೈಲಿನ ಒಂದು ಸಾಲಿಗೆ ಯಾವ ಅಧಿಕಾರಿಯ ಸಹಿಯೂ ಬೇಡ.

ಮಾಡಬೇಕಾದ್ದು ಇಷ್ಟು. ಗ್ಲೋಬಲ್ ಸೆಟ್ಟಿಂಗ್ಸ್ ಫೈಲನ್ನ ಮುಟ್ಟಬೇಡಿ. ಜಾಂಗೊ ಅಪ್‌ಡೇಟ್ ಆದ್ರೆ ನಿಮ್ಮ ಬದಲಾವಣೆ ಅಳಿಸಿಹೋಗುತ್ತೆ. ನಿಮ್ಮ ಪ್ರಾಜೆಕ್ಟಿನ ಪಟ್ಟಿಯಲ್ಲಿ ‘ಕೆಎನ್’ ಸೇರಿಸಿ. ಲೊಕೇಲ್ ಮಿಡಲ್‌ವೇರನ್ನ ಸೆಷನ್ ಆದ ಮೇಲೆ, ಕಾಮನ್‌ಗಿಂತ ಮೊದಲು ಹಾಕಿ. ಇದು ತಾನಾಗಿ ಬರೋದಿಲ್ಲ, ಇದಿಲ್ಲದೆ ಬ್ರೌಸರ್ ಹೇಳೋದನ್ನ ಸೈಟ್ ಕೇಳಿಸಿಕೊಳ್ಳೋದೂ ಇಲ್ಲ. ಲೊಕೇಲ್ ಪಾತ್ಸ್ ತೋರಿಸಿ. ಟೈಮ್ ಝೋನ್ ‘ಏಷ್ಯಾ/ಕೋಲ್ಕತಾ’ ಇರಲಿ. ಮೇಕ್‌ಮೆಸೇಜಸ್ ಓಡಿಸಿದ್ರೆ ಅನುವಾದದ ಫೈಲ್ ಸಿಗುತ್ತೆ. ಅದನ್ನ ತುಂಬಿಸಿ, ಕಂಪೈಲ್‌ಮೆಸೇಜಸ್ ಓಡಿಸಿ.

ಆ ಫೈಲ್ ತುಂಬೋದೇ ನಿಜವಾದ ಕೆಲಸ. ಕನ್ನಡ ಬರೆಯೋಕೆ ಬಾರದಿದ್ರೆ ಬರೋರನ್ನ ಕೇಳಿ. ತಾಳವಾಡಿ ಕಡೆ ಕನ್ನಡ ಮೀಡಿಯಂನಲ್ಲಿ ಓದಿದ ಗೆಳೆಯರಿದ್ದಾರೆ. ‘ಸಬ್‌ಮಿಟ್’ ಬಟನ್ ಮೇಲೆ ‘ಕಳಿಸಿ’ ಅಂತ ಬರೆದ್ರೆ ಸಾಕು, ಪುಸ್ತಕದ ಕನ್ನಡವೇ ಬೇಕಿಲ್ಲ.

ಪಟ್ಟಿಯಲ್ಲಿ ನಮ್ಮ ಹೆಸರು ಬಿಟ್ಟಿದ್ದಾರೆ ಅಂತ ಎಷ್ಟು ಸಲ ದೂರಿದ್ದೀವಿ! ಈ ಪಟ್ಟಿ ಬರೆಯೋದು ನಾವೇ. ನಾವೂ ಬಿಟ್ಟರೆ ಯಾರನ್ನ ಕೇಳೋಣ?

ಕೋಡ್ ಬರೆಯೋ ಒಬ್ಬ ಗೆಳೆಯನಿಗೆ, ಒಬ್ಬ ಗೆಳತಿಗೆ ಇದನ್ನ ಕಳಿಸಿ.