ಜಗಲಿ ತನಕ ಬಾ ಅಂದ್ರೆ ಸಾಕಾ?

ನಮ್ಮ ಕೆರೆಕಟ್ಟೆ ಕಡೆ ಮನೆಗೆ ಯಾರೇ ಬರ್ಲಿ, ಮೊದ್ಲು ಕೇಳೋದು "ಆಸ್ರಿಗೆ ಎಂತ ಬೇಕು?" ಅಂತ. ಬೆಲ್ಲ-ನೀರು, ಮಜ್ಜಿಗೆ, ಕಾಫಿ, ಏನಾದ್ರೂ ಒಂದು ಕೊಟ್ಟೇ ಕಳಿಸೋದು. ಆದ್ರೆ ಯಾರಿಗೆ ಒಳಗೆ, ಯಾರಿಗೆ ಜಗಲಿ ಮೇಲೆ ಅನ್ನೋ ಲೆಕ್ಕ ಬಾಯಿ ಬಿಡದೇ ನಡೀತಾ ಇರ್ತದೆ, ಅಲ್ದಾ?

ಇದು ತಲೆಗೆ ಬಂದಿದ್ದು ನನ್ನ ಪಿಯುಸಿ ಗೆಳತಿ ಫೋನ್ ಮಾಡಿದಾಗ. ಅವಳದ್ದು ಮೆಥೋಡಿಸ್ಟ್ ಮನೆತನ. ಬೆಂಗಳೂರಿನ ಹಡ್ಸನ್ ಚರ್ಚ್ ನೀವು ನೋಡಿರ್ತೀರಿ, ಅದನ್ನ ಕಟ್ಟಿದ್ದು ವೆಸ್ಲಿಯನ್ ಮೆಥೋಡಿಸ್ಟರೇ. 1947ರ ಸೆಪ್ಟೆಂಬರ್ 27ಕ್ಕೆ ಅವರೂ ಆಂಗ್ಲಿಕನ್ನರೂ ಇನ್ನೂ ಕೆಲವರೂ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯ್ತು. ಇವಳು ಹೋಗೋದು ಬೇರೆ ಊರಿನ ಒಂದು ಸಣ್ಣ ಸಭೆಗೆ.

ಅಲ್ಲಿ "ಎಲ್ಲರಿಗೂ ಸ್ವಾಗತ" ಅಂತ ಬೋರ್ಡ್ ಹಾಕಿದ್ರಂತೆ. ಒಂದು ಭಾನುವಾರ ಒಬ್ಬರು ಮಂಗಳಮುಖಿ ಬಂದು ಕೊನೇ ಬೆಂಚಲ್ಲಿ ಕೂತ್ರು. "ಯಾರೂ ಏನೂ ಅನ್ಲಿಲ್ಲ ಕಣೆ. ಪಕ್ಕದಲ್ಲಿ ಯಾರೂ ಕೂರ್ಲೂ ಇಲ್ಲ" ಅಂದ್ಲು. ಮುಂದಿನ ವಾರ ಇವಳೇ ಹೋಗಿ ಪಕ್ಕದಲ್ಲಿ ಕೂತ್ಲಂತೆ. ಈಗ ಅವರಿಗೆ ಬೈಬಲ್ ಪಾಠ ಓದೋಕೆ ಕೊಡ್ಬೇಕು ಅಂತ ಕೆಲವರು, "ಬರ್ಲಿ, ಕೂರ್ಲಿ, ಮುಂದೆ ನಿಲ್ಲೋದು ಬೇಡ" ಅಂತ ಕೆಲವರು. ಸಭೆ ಒಡೆದು ಹೋದ್ರೆ ಅಂತ ಹಿರಿಯರಿಗೆ ಹೆದರಿಕೆ.

ಆ ಹೆದರಿಕೆ ಸುಳ್ಳು ಅಂತ ನಾನು ಹೇಳೋದಿಲ್ಲ. ಅಮೆರಿಕದ ಯುನೈಟೆಡ್ ಮೆಥೋಡಿಸ್ಟರು ಸಲಿಂಗಿಗಳು ಪಾದ್ರಿ ಆಗ್ಬಾರ್ದು ಅಂತ 1984ರಲ್ಲಿ ಮಾಡಿದ ನಿಯಮ ತೆಗೆದಿದ್ದು 2024ರಲ್ಲಿ. ಅಷ್ಟರಲ್ಲಿ ಇದೇ ಜಗಳಕ್ಕೆ ಸಾವಿರಾರು ಸಭೆಗಳು ಬಿಟ್ಟು ಹೋಗಿದ್ವು. ಹೆಂಗಸರ ವಿಷಯಕ್ಕೂ ತಡವೇ. ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು ಆಗಿದ್ದು 2013ಕ್ಕೆ. ಅಲ್ಲಿವರೆಗೆ ಹೆಂಗಸರು ಚರ್ಚಿಗೆ ಬರ್ತಾ ಇರ್ಲಿಲ್ವಾ? ಬರ್ತಾ ಇದ್ರು. ಬರೋದೇ ಬೇರೆ, ಒಳಗಿನವರಾಗೋದೇ ಬೇರೆ.

ತಮಾಷೆ ಎಂತದು ಅಂದ್ರೆ, ಈ ಪಂಥ ಬೆಳೆದಿದ್ದೇ ಬಾಗಿಲ ಹೊರಗೆ. ಜಾನ್ ವೆಸ್ಲಿಗೆ ಇಂಗ್ಲೆಂಡಿನ ಎಷ್ಟೋ ಚರ್ಚುಗಳು ಬಾಗಿಲು ಹಾಕಿದ್ವು. 1739ರಲ್ಲಿ ಬ್ರಿಸ್ಟಲ್ ಹತ್ರ ಬಯಲಲ್ಲಿ ನಿಂತು ಕಲ್ಲಿದ್ದಲು ಗಣಿಯವರಿಗೆಲ್ಲ ಬೋಧನೆ ಮಾಡಿದ್ರು. ಅಂಥವರ ಸಭೆಯಲ್ಲೇ ಮುಂದೆ ಫಿಲಡೆಲ್ಫಿಯಾದಲ್ಲಿ ಪ್ರಾರ್ಥನೆಗೆ ಮಂಡಿಯೂರಿದ್ದ ಕರಿಯರನ್ನ ಎಬ್ಬಿಸಿ ಕಳಿಸಿದ್ರು. ಅವರು ಎದ್ದು ಹೋಗಿ ತಮ್ಮದೇ ಚರ್ಚ್ ಮಾಡ್ಕೊಂಡ್ರು. ಹೊರಗೆ ನಿಂತು ಬಂದವರಿಗೂ ಒಳಗೆ ಕೂತ ಮೇಲೆ ಮರೆವು ಬರ್ತದೆ.

ಅವಳಿಗೆ ಬುದ್ಧಿ ಹೇಳೋಕೆ ಹೊರಟವಳಿಗೆ ನಮ್ಮನೆ ಜಗಲಿ ನೆನಪಾಯ್ತು. ತೋಟದ ಕೆಲಸಕ್ಕೆ ಬರೋ ಹೆಂಗಸಿಗೆ ಅಂತ ಗೂಡಲ್ಲಿ ಬೇರೆ ಲೋಟ. ಅತ್ತೆ ಕಾಲದ್ದು. ಅತ್ತೆ ಹೋಗಿ ಎಷ್ಟೋ ವರ್ಷ ಆದ್ರೂ ನಾನು ತೆಗೀಲಿಲ್ಲ. ರೂಢಿ ಅಂದ್ಕೊಂಡೆ. ಅದು ರೂಢಿ ಅಲ್ಲ, ನನ್ನದೇ ತಪ್ಪು.

ಮೊನ್ನೆ ಆ ಲೋಟ ತೆಗೆದೆ, ಅಡಿಗೆಮನೆಗೇ ಕರೆದು ಕಾಫಿ ಕೊಟ್ಟೆ. ಅವಳು ಹೊಸ್ತಿಲಲ್ಲೇ ನಿಂತು ಕುಡಿದ್ಲು. ಲೋಟ ತೊಳೆದು, ತಗೊಂಡು ಹೋಗಿ ಜಗಲಿ ಗೂಡಲ್ಲೇ ಕವುಚಿ ಇಟ್ಲು. ಇಷ್ಟು ವರ್ಷ ನಾವೇ ಕಲಿಸಿದ್ದು, ಒಂದಿನಕ್ಕೆ ಹೋಗ್ತದಾ?

ಅದಕ್ಕೇ ಗೆಳತಿಗೆ ಹೇಳಿದೆ: ಬೋರ್ಡ್ ಇರ್ಲಿ ಮಾರಾಯ್ತಿ, ಆದ್ರೆ ಅವರ ಕೈಗೆ ಪುಸ್ತಕ ಕೊಡಿ, ಹಬ್ಬದ ಅಡಿಗೆಗೆ ಕರೀರಿ, ಕಮಿಟಿಯಲ್ಲಿ ಕೂರಿಸಿ. ಬರ್ಲಿಲ್ಲ ಅಂದ್ರೆ ಅವರಿಗೇ ಬೇಡ ಅಂದ್ಕೊಳ್ಬೇಡಿ, ಮತ್ತೆ ಕರೀರಿ.

ನಾನೂ ಇವತ್ತು ಆ ಲೋಟನ ಮತ್ತೆ ಒಳಗೆ ತಂದಿಟ್ಟಿದ್ದೇನೆ.